ಐದು ವಾರ ಮೀನಿಲ್ಲದ ತೊಟ್ಟಿ

ನಮ್ಮ ಕೆಂಚ ತೀರಿಕೊಂಡದ್ದು ಜನವರಿಯ ಕೊನೆಯ ವಾರದಲ್ಲಿ, ಗವಿಮಠದ ಜಾತ್ರೆಯ ಗದ್ದಲವೆಲ್ಲ ಇಳಿದು ಕೊಪ್ಪಳ ತನ್ನ ಎಂದಿನ ನಡಿಗೆಗೆ ಮರಳುತ್ತಿದ್ದ ದಿನಗಳಲ್ಲಿ. 13 ವರ್ಷಗಳ ಹಿಂದೆ ಒಂದು ಮಳೆಯ ಸಂಜೆ ಬಸ್ ನಿಲ್ದಾಣದ ಹಿಂಬದಿಯಲ್ಲಿ ತೊಯ್ದು ನಡುಗುತ್ತಿದ್ದ ಆ ಬೀದಿನಾಯಿಯ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದವಳು ನಾನೇ. ಕೊನೆಯ ಎರಡು ತಿಂಗಳು ಅವನ ಮೂತ್ರಪಿಂಡಗಳು ಸೋತಿದ್ದವು. ನೀರನ್ನು ಮಾತ್ರ ಬೋಗುಣಿಗಟ್ಟಲೆ ಕುಡಿಯುತ್ತಿದ್ದ, ಅನ್ನವನ್ನು ಮೂಸಿ ಮುಖ ತಿರುಗಿಸುತ್ತಿದ್ದ. ದಿನ ಬಿಟ್ಟು ದಿನ ಚರ್ಮದಡಿ ಸಲೈನ್ ಕೊಡುವುದನ್ನು ಪಶುವೈದ್ಯರು ನನಗೇ ಕಲಿಸಿಕೊಟ್ಟಿದ್ದರು. ಭುಜದ ಮೇಲಿನ ಸಡಿಲ ಚರ್ಮವನ್ನು ಎರಡು ಬೆರಳಿನಲ್ಲಿ ಗುಡಾರದಂತೆ ಎತ್ತಿ ಹಿಡಿದು ನಾನು ಸೂಜಿ ಚುಚ್ಚುವಾಗ ಅವನು ಒಮ್ಮೆಯೂ ಗುರುಗುಟ್ಟಲಿಲ್ಲ. ಬಾಟಲಿ ಖಾಲಿಯಾಗುವ ತನಕ ನನ್ನ ಮೊಣಕಾಲಿನ ಮೇಲೆ ಗದ್ದವಿಟ್ಟುಕೊಂಡು ಮಲಗಿರುತ್ತಿದ್ದ. ತಮ್ಮನ ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಅವನನ್ನು ಮಣ್ಣು ಮಾಡಿ ಬಂದೆವು.

ಆಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಬೆಳಗಿನ ಐದೂವರೆಯ ಹೊತ್ತು. ಆ ಹೊತ್ತಿಗೆ ಎದ್ದು, ಮೊಳೆಗೆ ತೂಗುಹಾಕಿದ ಸರಪಳಿ ತೆಗೆದುಕೊಂಡು, ಗವಿಮಠದ ರಸ್ತೆಯಲ್ಲಿ ಅವನೊಂದಿಗೆ ಒಂದು ಸುತ್ತು ಹೋಗಿ ಬರುವುದು 13 ವರ್ಷಗಳ ರೂಢಿಯಾಗಿತ್ತು. ಅವನು ಹೋದ ಮೇಲೂ ಕಣ್ಣು ಅದೇ ಹೊತ್ತಿಗೆ ತೆರೆಯುತ್ತಿತ್ತು, ಕೈಗೆ ಮಾತ್ರ ಕೆಲಸವಿರಲಿಲ್ಲ. ಮನೆಯವರೆಲ್ಲ ಏಳುವವರೆಗಿನ ಒಂದು ಗಂಟೆಯನ್ನು ಕತ್ತಲಲ್ಲಿ ಕುಳಿತು ಕಳೆಯುವುದು ಬಹಳ ಕಷ್ಟವಾಯಿತು. ಇನ್ನೊಂದು ಮರಿ ತಂದುಕೊಳ್ಳಿ ಎಂದು ಶಾಲೆಯಲ್ಲಿ ಜೊತೆಗಿದ್ದವರು ಪ್ರೀತಿಯಿಂದಲೇ ಹೇಳಿದರು. ಹಾಗೆ ತಂದುಕೊಂಡು ಸಮಾಧಾನ ಕಂಡವರನ್ನು ನಾನು ಬಲ್ಲೆ, ಅದರಲ್ಲಿ ತಪ್ಪೇನೂ ಇಲ್ಲ. ನನಗೆ ಆಗಲಿಲ್ಲ. ಓಣಿಯಲ್ಲಿ ಯಾವ ನಾಯಿ ಬೊಗಳಿದರೂ ಬಾಗಿಲ ಕಡೆ ತಿರುಗುವ ಕಿವಿಯನ್ನು ಇಟ್ಟುಕೊಂಡು ಇನ್ನೊಂದು ಮರಿಗೆ ಹೆಸರಿಡುವುದು ಆ ಮರಿಗೇ ಮಾಡುವ ಅನ್ಯಾಯ ಎನಿಸಿತ್ತು.

ಫೆಬ್ರವರಿಯಲ್ಲಿ ಅಟ್ಟದ ಸಾಮಾನು ಇಳಿಸಿ ಸ್ವಚ್ಛ ಮಾಡುವಾಗ ಹಳೆಯ ಮೀನಿನ ತೊಟ್ಟಿಯ ಕಬ್ಬಿಣದ ಚೌಕಟ್ಟು ಕೈಗೆ ಸಿಕ್ಕಿತು. ಅದು ಮುನಿರಾಬಾದಿನದು. ನಮ್ಮ ತಂದೆ ನೀರಾವರಿ ಇಲಾಖೆಯಲ್ಲಿದ್ದುದರಿಂದ ನನ್ನ ಬಾಲ್ಯವೆಲ್ಲ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಆ ಕ್ವಾರ್ಟರ್ಸ್‌ನಲ್ಲಿ ಕಳೆಯಿತು. ಮಳೆಗಾಲದಲ್ಲಿ ಗೇಟುಗಳನ್ನು ಎತ್ತಿದಾಗ ರಾತ್ರಿಯಿಡೀ ಕೇಳುತ್ತಿದ್ದ ನೀರಿನ ಮೊರೆತಕ್ಕೆ ನಾವು ನಿದ್ದೆ ಹೋಗುತ್ತಿದ್ದೆವು. ಸಿಲಿಕೋನ್ ಅಂಟು ಇನ್ನೂ ನಮ್ಮ ಕಡೆ ಬಳಕೆಗೆ ಬಾರದ ಕಾಲವದು. ಆಂಗಲ್ ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಮೆತ್ತಿ ಗಾಜು ಕೂರಿಸಿದ ತೊಟ್ಟಿಯಲ್ಲಿ ಅಪ್ಪ ನನಗಾಗಿ ನಾಲ್ಕು ಗೋಲ್ಡ್ ಫಿಶ್ ತಂದು ಬಿಟ್ಟಿದ್ದರು. ನಾನು ಅವುಗಳನ್ನು ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಿದ್ದೇನೆಂದು ನಂಬಿ, ಪ್ರತಿ ಭಾನುವಾರ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಮರಳನ್ನು ತೊಳೆದು ಬಿಸಿಲಿಗೆ ಹಾಕಿ, ಗಾಜನ್ನು ಉಜ್ಜಿ, ಹೊಸ ನೀರು ತುಂಬುತ್ತಿದ್ದೆ. ಮೀನುಗಳು ಒಂದರ ಹಿಂದೊಂದು ಸತ್ತವು. ಮತ್ತೆ ತಂದೆವು, ಅವೂ ಸತ್ತವು. ಹನ್ನೆರಡನೆಯ ವಯಸ್ಸಿಗೆ ನಾನು ಅದನ್ನು ಬಿಟ್ಟುಬಿಟ್ಟೆ.

ಅವುಗಳನ್ನು ಕೊಂದದ್ದು ನನ್ನ ಸ್ವಚ್ಛತೆಯೇ ಎಂಬುದು ನನಗೆ ಖಚಿತವಾದದ್ದು ಈ ವರ್ಷ. ಒಂಬತ್ತನೆಯ ತರಗತಿಗೆ ಎಷ್ಟೋ ವರ್ಷ ಸಾರಜನಕ ಚಕ್ರದ ಪಾಠ ಮಾಡಿದ್ದೇನೆ. ಕಪ್ಪು ಹಲಗೆಯ ಮೇಲೆ ಮಣ್ಣು, ಶೇಂಗಾ ಬೇರಿನ ಗಂಟು, ಬಾಣದ ಗುರುತುಗಳನ್ನೆಲ್ಲ ಬರೆದಿದ್ದೇನೆ. ಅದೇ ಚಕ್ರದ ಒಂದು ತುಣುಕು ಗಾಜಿನ ತೊಟ್ಟಿಯಲ್ಲಿಯೂ ನಡೆಯಬೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುತ್ತದೆ, ಉಳಿದ ಆಹಾರ ಕೊಳೆತಾಗಲೂ ಅದೇ ಅಮೋನಿಯ ಹುಟ್ಟುತ್ತದೆ, ಅದು ಮೀನಿಗೆ ವಿಷ. ನೈಟ್ರೋಸೋಮೋನಾಸ್‌ನಂಥ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಸುತ್ತವೆ, ಅದೂ ವಿಷವೇ. ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸಿದ ಮೇಲೆಯೇ ನೀರು ಬದುಕಲು ಯೋಗ್ಯವಾಗುತ್ತದೆ. ಇವು ನೆಲೆಸುವುದು ಮರಳಿನ ಮೇಲೆ, ಕಲ್ಲಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜಿನೊಳಗೆ. ನಾನು ಪ್ರತಿ ಭಾನುವಾರ ಬಿಸಿಲಿಗೆ ಹಾಕಿ ಒಣಗಿಸುತ್ತಿದ್ದದ್ದು ಇವುಗಳನ್ನೇ.

ಹಳೆಯ ಚೌಕಟ್ಟು ತುಕ್ಕು ಹಿಡಿದಿದ್ದರಿಂದ ಹೊಸಪೇಟೆಯಿಂದ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಹೊಸ ತೊಟ್ಟಿ ತರಿಸಿದೆ. ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿದರೆ ಅದರಲ್ಲಿ 50 ಲೀಟರಿನಷ್ಟು ನೀರು ಹಿಡಿಯುತ್ತದೆ, ಎಂದರೆ ನೀರಿನ ಭಾರವೇ 50 ಕಿಲೋ. ಆದ್ದರಿಂದ ಟೀಪಾಯಿಯನ್ನು ನಂಬದೆ ಪಡಸಾಲೆಯ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದೆ. ತಳಕ್ಕೆ ತೊಳೆದ ಮರಳು, ಕುಷ್ಟಗಿ ಕಡೆಯಿಂದ ತಂದ ನಾಲ್ಕು ಗ್ರಾನೈಟ್ ಚೂರುಗಳು, ಒಂದು ಸ್ಪಂಜ್ ಫಿಲ್ಟರ್, ಏರ್ ಪಂಪ್. ಮೀನು ತರಲಿಲ್ಲ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೆ ಹಾಕುತ್ತಾ, ಅದು ಕೊಳೆತು ಅಮೋನಿಯವಾಗಿ, ಅದನ್ನು ಉಣ್ಣುವ ಜೀವಿಗಳು ತಾವಾಗಿ ಬಂದು ನೆಲೆಸುವವರೆಗೆ ಕಾಯುವುದೆಂದು ನಿಶ್ಚಯಿಸಿದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಗಲೇ ನಡೆಯುತ್ತಿರುವ ತೊಟ್ಟಿಯಿಂದ ಸ್ಪಂಜಿನ ಒಂದು ತುಂಡು ತಂದು ಹಾಕಿದ್ದರೆ ಬೇಗ ಮುಗಿಯುತ್ತಿತ್ತು, ಆದರೆ ನನಗೆ ಆತುರವಿರಲಿಲ್ಲ.

ಬೆಳಗಿನ ಐದೂವರೆಗೆ ಈಗ ಕೈಗೊಂದು ಕೆಲಸವಾಯಿತು. ಪುಟ್ಟ ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರ್ ತೊಟ್ಟಿಯ ನೀರು ತೆಗೆದುಕೊಂಡು, ಪರೀಕ್ಷೆಯ ದ್ರಾವಣದ ಹನಿಗಳನ್ನು ಎಣಿಸಿ ಹಾಕಿ, ಮುಚ್ಚಳ ಬಿಗಿದು ಅಲುಗಾಡಿಸಿ, ಐದು ನಿಮಿಷ ಕಾಯುವುದು. ನೀರು ಹಳದಿಯಾಗಿಯೇ ಉಳಿದರೆ ಅಮೋನಿಯ ಇಲ್ಲ, ಹಸಿರಾದರೆ ಇದೆ. ಎಂಟನೆಯ ದಿನ ಹಸಿರು ಕಂಡಿತು, ಹದಿನಾರನೆಯ ದಿನ ನೈಟ್ರೈಟಿನ ನಳಿಕೆ ನೇರಳೆಗೆ ತಿರುಗಿತು. ಕೆಂಚನ ಔಷಧದ ವೇಳೆ ಬರೆಯುತ್ತಿದ್ದ ನೋಟ್‌ಬುಕ್ಕಿನಲ್ಲಿ ಇನ್ನೂ ಎಷ್ಟೋ ಹಾಳೆಗಳು ಉಳಿದಿದ್ದವು. ಅದರಲ್ಲೇ ಮುಂದುವರಿಸಿ ಬರೆದೆ. ಏನೂ ಕಾಣದ ನೀರಿನ ಮುಂದೆ ನಾನು ಹಾಗೆ ಕುಳಿತಿರುವುದನ್ನು ನೋಡಿ ನಮ್ಮ ಅತ್ತೆ ಒಂದು ದಿನ, “ಯಾರೂ ಇಲ್ಲದ ಮನಿಗೆ ದೀಪ ಹಚ್ಚಿಟ್ಟಂಗಾತಲ್ಲವಾ ಇದು” ಎಂದರು. ಅವರು ಬೇಸರದಿಂದ ಹೇಳಿದ ಮಾತಲ್ಲ. ಕೆಂಚನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತದೆ ಇದ್ದ ಆ ದಿನಗಳಲ್ಲಿ ಅದು ಅವನನ್ನು ಕುರಿತು ಆಡಿದ ಮಾತೂ ಆಗಿತ್ತೆಂದು ನನಗೆ ಅನಿಸಿತು. ಅಂದು ಇಬ್ಬರೂ ತೊಟ್ಟಿಯ ಮುಂದೆ ಕುಳಿತು ಬಹಳ ಹೊತ್ತು ಅವನನ್ನೇ ನೆನೆದೆವು. ಆ ಖಾಲಿ ತೊಟ್ಟಿ ಇಲ್ಲದೆ ಹೋಗಿದ್ದರೆ, ಮೊದಲ ದಿನವೇ ಬಣ್ಣದ ಮೀನುಗಳು ಅದರಲ್ಲಿ ಓಡಾಡುತ್ತಿದ್ದರೆ, ನಾವು ಮೀನಿನ ಮಾತನ್ನೇ ಆಡಿ ಎದ್ದುಬಿಡುತ್ತಿದ್ದೆವು. ನನಗೆ ಸಮಾಧಾನ ಕೊಟ್ಟದ್ದು ಮೀನಿಗಿಂತ ಮೊದಲು ಆ ಐದು ವಾರಗಳ ಕಾಯುವಿಕೆ. ಮೂವತ್ತಾರನೆಯ ದಿನ ಎರಡೂ ನಳಿಕೆಗಳಲ್ಲಿ ಅಮೋನಿಯವೂ ಕಾಣಲಿಲ್ಲ, ನೈಟ್ರೈಟೂ ಕಾಣಲಿಲ್ಲ.

ಗೋಲ್ಡ್ ಫಿಶ್ ಮತ್ತೆ ತರಲಿಲ್ಲ. ಅವು ತಂಪು ನೀರನ್ನೂ ಬಹಳ ದೊಡ್ಡ ತೊಟ್ಟಿಯನ್ನೂ ಬೇಡುವ ಮೀನುಗಳು. ಕೊಪ್ಪಳದ ಬೇಸಿಗೆಯಲ್ಲಿ ಎರಡಡಿಯ ಗಾಜಿನೊಳಗೆ ಅವುಗಳನ್ನು ಇಡುವುದು ಸರಿಯಲ್ಲ. ನಮ್ಮ ಕಡೆಯ ಬೋರಿನ ನೀರು ಎಷ್ಟು ಗಡಸೆಂದರೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಇಂಥ ನೀರನ್ನು ಇಷ್ಟಪಡುವ ಮೀನು ಗಪ್ಪಿ. 1866ರಲ್ಲಿ ಟ್ರಿನಿಡಾಡಿನಿಂದ ಲಂಡನ್ನಿನ ಸಂಗ್ರಹಾಲಯಕ್ಕೆ ಅದನ್ನು ಕಳಿಸಿದ ರಾಬರ್ಟ್ ಗಪ್ಪಿಯವರಿಂದ ಅದಕ್ಕೆ ಆ ಹೆಸರು ಬಂತು. ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತದೆಂದು ಮಲೇರಿಯಾ ತಡೆಗಾಗಿ ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುವುದೂ ಇದನ್ನೇ. ಹಾಗೆಂದು ಮನೆಯಲ್ಲಿ ಹೆಚ್ಚಾದ ಗಪ್ಪಿಗಳನ್ನು ಹುಲಿಕೆರೆಗೋ ಕಾಲುವೆಗೋ ಸುರಿದುಬಿಡಬಾರದು; ಪರದೇಶದ ಮೀನು, ಇಲ್ಲಿಯ ಸಣ್ಣ ಮೀನುಗಳ ಅನ್ನಕ್ಕೆ ಎರವಾಗುತ್ತದೆ. ಎರಡು ಗಂಡು, ನಾಲ್ಕು ಹೆಣ್ಣು ತಂದೆ. ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ ಅರ್ಧ ಗಂಟೆ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಎರಡೂ ನೀರಿನ ಬಿಸಿ ಸಮವಾದ ಮೇಲೆ ಲೋಟದಿಂದ ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಚೀಲಕ್ಕೆ ಸೇರಿಸಿ, ಕೊನೆಗೆ ಮೀನುಗಳನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಟ್ಟೆ.

ಏಪ್ರಿಲ್, ಮೇ ತಿಂಗಳುಗಳು ನಿಜವಾದ ಪರೀಕ್ಷೆಯಾದವು. ಹೊರಗೆ ಬಿಸಿಲು 40 ಡಿಗ್ರಿ ದಾಟಿದಾಗ ತೊಟ್ಟಿಯ ನೀರು 33ಕ್ಕೆ ಏರಿತು. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಪಂಪ್ ನಿಂತಾಗ ಆರೂ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ಕೆಂಚನ ಕೊನೆಯ ರಾತ್ರಿಯ ಉಸಿರಾಟವೇ ಕಣ್ಣ ಮುಂದೆ ಬಂದು ನನ್ನ ಕೈಗಳು ನಡುಗಿದವು. ಲೋಟದಿಂದ ನೀರನ್ನು ಮೊಗೆದು ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿಯುತ್ತಾ, ಕರೆಂಟ್ ಬರುವವರೆಗೆ ಮುಕ್ಕಾಲು ಗಂಟೆ ನಿಂತಿದ್ದೆ. ಒಂದೂ ಸಾಯಲಿಲ್ಲ. ಮರುದಿನವೇ ಬ್ಯಾಟರಿಯಿಂದ ನಡೆಯುವ ಪಂಪ್ ತರಿಸಿದೆ, ಮುಚ್ಚಳ ತೆಗೆದು ನೀರಿನ ಮೇಲೆ ಗಾಳಿ ಹಾಯುವಂತೆ ಸಣ್ಣದೊಂದು ಟೇಬಲ್ ಫ್ಯಾನ್ ಇಟ್ಟೆ. ನಮ್ಮದು ಒಣ ಹವೆಯಾದ್ದರಿಂದ ನೀರು ಬೇಗ ಆವಿಯಾಗಿ, ಮಣ್ಣಿನ ಗಡಿಗೆಯಲ್ಲಿ ತಂಪಾಗುವಂತೆಯೇ ತೊಟ್ಟಿಯೂ ಎರಡು ಮೂರು ಡಿಗ್ರಿ ತಂಪಾಯಿತು. ಆದರೆ ಆವಿಯಾಗುವುದು ನೀರು ಮಾತ್ರ, ಅದರೊಳಗಿನ ಲವಣಗಳು ಅಲ್ಲೇ ಉಳಿಯುತ್ತವೆ. ಹೀಗೆ ಇಳಿದ ಮಟ್ಟವನ್ನು ಮತ್ತೆ ಬೋರಿನ ನೀರಿನಿಂದಲೇ ತುಂಬಿದರೆ ಗಡಸುತನ ದಿನದಿನಕ್ಕೆ ಏರುತ್ತದೆಂದು, ಕುಡಿಯಲು ಶುದ್ಧ ನೀರಿನ ಘಟಕದಿಂದ ತರುವ 20 ಲೀಟರಿನ ಕ್ಯಾನಿನಿಂದಲೇ ಮೀನುಗಳಿಗೂ ಪಾಲು ಕೊಟ್ಟೆವು.

ಎರಡು ವಾರಕ್ಕೊಮ್ಮೆ ಸ್ಪಂಜನ್ನು ಹಿಂಡಬೇಕು. ನಲ್ಲಿಯ ನೀರಿನಲ್ಲಿ ತೊಳೆದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ, ಸೋಪು ಮುಟ್ಟದ ಪಾತ್ರೆಯಲ್ಲಿ ಹಿಂಡಬೇಕು. ಮನೆಯಲ್ಲಿ ಸೋಪು ಮುಟ್ಟದ ಪಾತ್ರೆ ಒಂದೇ ಇತ್ತು. ಸೋಪಿನ ವಾಸನೆ ಬಂದರೆ ಉಣ್ಣುವುದಿಲ್ಲವೆಂದು ಅತ್ತೆ 13 ವರ್ಷ ಬರೀ ತೆಂಗಿನ ನಾರಿನಿಂದ ತಿಕ್ಕುತ್ತಿದ್ದ ಕೆಂಚನ ಸ್ಟೀಲ್ ಬೋಗುಣಿ. ಹಿತ್ತಲಿನಲ್ಲಿ ಬೋರಲು ಹಾಕಿದ್ದ ಅದನ್ನು ನಾನೇ ಹೋಗಿ ತಂದೆ. ಅದರ ಅಂಚಿನಲ್ಲಿ, ಅವನು ಹಸಿದಾಗ ಕಚ್ಚಿ ಎಳೆದಾಡಿ ಮಾಡಿದ ತಗ್ಗುಗಳು ಹಾಗೆಯೇ ಇವೆ. ಸ್ಪಂಜು ಹಿಂಡುವಾಗ ಹೆಬ್ಬೆರಳು ತಾನಾಗಿ ಆ ತಗ್ಗುಗಳಿಗೆ ಹೋಗಿ ಕೂರುತ್ತದೆ. ಮೊದಲ ಸಲ ಕಂದು ನೀರು ತುಂಬಿದ ಆ ಬೋಗುಣಿಯನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿಯುವಾಗ ಅತ್ತಿದ್ದೆ. ಈಗ ಅಳು ಬರುವುದಿಲ್ಲ, ಬೋಗುಣಿ ಮಾತ್ರ ಅದೇ.

ಜೂನ್‌ನಲ್ಲಿ ಒಂದು ಗಂಡು ಗಪ್ಪಿ ಸತ್ತಿತು. ಎರಡು ಮೂರು ವರ್ಷಗಳಿಗಿಂತ ಹೆಚ್ಚು ಬಾಳದ ಮೀನೆಂದು ತಿಳಿದೇ ತಂದಿದ್ದೆ, ತರುವಾಗ ಅದರ ವಯಸ್ಸೆಷ್ಟಿತ್ತೋ. ನೀರನ್ನು ಪರೀಕ್ಷಿಸಿದೆ, ದೋಷವಿರಲಿಲ್ಲ. ಬಾಲ್ಯದಲ್ಲಿ ತಿಳಿಯದೆ ಕೊಂದ ಮೀನುಗಳ ಹಾಗಲ್ಲ ಇದು ಎಂಬುದು ಖಚಿತವಾದ ಮೇಲೆ ಅದನ್ನೂ ಕರಿಬೇವಿನ ಬುಡದಲ್ಲೇ ಇಟ್ಟೆ.

ಅದೇ ತಿಂಗಳು ಒಂದು ಸಂಜೆ ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ನಿಂತು, “ಮರಿ ಹಾಕ್ಯಾವ, ಲಗೂನ ಬಾ” ಎಂದು ಕರೆದರು. ಗಪ್ಪಿ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಹಾಕಿದ ಮರಿಗಳನ್ನು ತಾನೇ ತಿಂದುಬಿಡುವುದೂ ಉಂಟು. ಅದಕ್ಕೆಂದೇ ನಾನು ಮೊದಲೇ ಹೈಡ್ರಿಲ್ಲಾ ಎಂಬ ನೀರುಗಿಡದ ದಟ್ಟ ಗೊಂಚಲೊಂದನ್ನು ಒಂದು ಮೂಲೆಯಲ್ಲಿ ಬಿಟ್ಟಿದ್ದೆ. ನಮ್ಮ ಕಾಲುವೆಗಳಲ್ಲಿ ಅದು ಬೇಕಾದಷ್ಟು ಬೆಳೆಯುತ್ತದೆ. ಭತ್ತದ ಗದ್ದೆಗಳ ಔಷಧಿ ತಗುಲಿರಬಹುದೆಂಬ ಭಯದಿಂದ ಬಕೆಟ್ಟಿನಲ್ಲಿ ಎರಡು ವಾರ ಇಟ್ಟು, ನೀರು ಬದಲಿಸುತ್ತಾ ಬಂದು, ಆಮೇಲೆ ತೊಟ್ಟಿಗೆ ಹಾಕಿದ್ದೆ. ಕಣ್ಣೆರಡು ಚುಕ್ಕೆ, ಉಳಿದದ್ದೆಲ್ಲ ಗಾಜಿನಂತೆ ಪಾರದರ್ಶಕವಾಗಿದ್ದ ಮರಿಗಳು ಅದರ ಎಸಳುಗಳ ನಡುವೆ ಅಲ್ಲಲ್ಲಿ ನಿಂತಿದ್ದವು. ಅಂದು ಅತ್ತೆ ಎಣಿಸಿದ್ದು ಹದಿನೇಳು. ಈಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವುಗಳನ್ನು ಎಣಿಸುವುದು ಅವರ ಕೆಲಸ. ನಿನ್ನೆ ಹದಿನಾರೇ ಸಿಕ್ಕವೆಂದು ನನ್ನನ್ನು ಕರೆದರು. ಇಬ್ಬರೂ ಚಾಳೀಸು ಹಾಕಿಕೊಂಡು ಸ್ಪಂಜಿನ ಹಿಂದೆ, ಗ್ರಾನೈಟಿನ ಸಂದಿಯಲ್ಲಿ, ಎಸಳುಗಳ ಕೆಳಗೆ ಹುಡುಕಿದೆವು. ಸಿಗಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದಾಗ ಮತ್ತೊಮ್ಮೆ ನೋಡುತ್ತೇನೆಂದು ಹೇಳಿ ತೊಟ್ಟಿಯ ದೀಪ ಆರಿಸಿದೆ.