ಕಾಕಾನ ಮಗಳು ನಡೀತಾಳ, ಅಕ್ಕನ ಮಗಳು ಯಾಕ ನಡ್ಯಂಗಿಲ್ಲ?

ಕಲಬುರಗಿ ಕಡೆ ಮುಸ್ಲಿಮರ ಮದುವೆಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: "ಸಾಹೇಬ್ರ, ನಿಮ್ಮೊಳಗ ಕಾಕಾನ ಮಗಳನ್ನ ಲಗ್ನ ಆಗ್ತೀರಿ, ನಮಗ ಆಕಿ ತಂಗಿ. ನಾವು ಅಕ್ಕನ ಮಗಳನ್ನ ತಂದುಕೊಂಡ್ರ ನೀವು ತೌಬಾ ತೌಬಾ ಅಂತೀರಿ. ಇದು ಯಾವ ಲೆಕ್ಕ?"

ಎರಡೂ ಕಡೆ ಲೆಕ್ಕ ಇದೆ, ಅಳೆಯುವ ಕೋಲು ಬೇರೆ. ಈ ಭಾಗದ ಹಿಂದೂ ಮನೆಗಳಲ್ಲಿ ಮೊದಲು ಬೆಡಗು (ಮನೆತನದ ಗುಂಪು), ಗೋತ್ರ ಕೇಳುತ್ತಾರೆ. ಅಪ್ಪನ ಅಣ್ಣತಮ್ಮಂದಿರ ಮಕ್ಕಳದು ಒಂದೇ ಬೆಡಗು, ಆದ್ದರಿಂದ ಅವರು ಅಣ್ಣ ತಂಗಿ. ಅಕ್ಕ ಲಗ್ನವಾಗಿ ಇನ್ನೊಂದು ಬೆಡಗಿಗೆ ಹೋದಳು, ಆಕೆಯ ಮಗಳು ಆ ಮನೆಯವಳು, ತರಬಹುದು. ಶರೀಅತ್, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರ, ಮನೆತನವನ್ನು ನೋಡುವುದೇ ಇಲ್ಲ. ಅದು ರಕ್ತ ಎಷ್ಟು ಹತ್ತಿರ ಎಂದು ನೋಡುತ್ತದೆ, ಅದೂ ತಂದೆಯ ಕಡೆ ಮತ್ತು ತಾಯಿಯ ಕಡೆ ಒಂದೇ ಅಳತೆಯಲ್ಲಿ. ಹಾಗಾಗಿ ಕಾಕಾನ (ಅಪ್ಪನ ಅಣ್ಣತಮ್ಮ) ಮಗಳು, ಮಾಮಾನ ಮಗಳು, ಫುಪ್ಪುವಿನ (ಸೋದರತ್ತೆ) ಮಗಳು, ಖಾಲಾನ (ತಾಯಿಯ ಅಕ್ಕತಂಗಿ) ಮಗಳು ನಾಲ್ವರಿಗೂ ಒಂದೇ ನಿಯಮ: ನಿಕಾಹ್ ನಡೆಯುತ್ತದೆ. ಅಕ್ಕನ ಮಗಳು, ಅಣ್ಣನ ಮಗಳು ಇಬ್ಬರಿಗೂ ಒಂದೇ ನಿಯಮ: ಎಂದೆಂದಿಗೂ ಹರಾಮ್, ಅಂದರೆ ನಿಷಿದ್ಧ.

ಮೂಲ ಇರುವುದು ಕುರ್‌ಆನಿನ ನಾಲ್ಕನೇ ಅಧ್ಯಾಯವಾದ ಅನ್ನಿಸಾದ 22ರಿಂದ 24ನೇ ಆಯತ್‌ಗಳಲ್ಲಿ (ವಚನಗಳಲ್ಲಿ). ಗಂಡಸಿಗೆ ರಕ್ತದಿಂದ ನಿಷಿದ್ಧವಾದ ಏಳು ಜನರನ್ನು ಅಲ್ಲಿ ಹೆಸರಿಸಲಾಗಿದೆ: ತಾಯಿ, ಮಗಳು, ಸಹೋದರಿ, ಸೋದರತ್ತೆ, ತಾಯಿಯ ಅಕ್ಕತಂಗಿ, ಅಣ್ಣತಮ್ಮಂದಿರ ಮಗಳು, ಅಕ್ಕತಂಗಿಯರ ಮಗಳು. ಹೆಣ್ಣಿಗೆ ಇದನ್ನೇ ತಿರುಗಿಸಿ ಓದಬೇಕು. ಫಿಕ್ಹ್ (ಶರೀಅತ್‌ನ ಕಾನೂನು ಶಾಸ್ತ್ರ) ಪಂಡಿತರು ಇದನ್ನು ಹೀಗೆ ಬಿಡಿಸುತ್ತಾರೆ. ನಿಮ್ಮ ಮೇಲಿನವರು ಎಷ್ಟು ಮೇಲಕ್ಕೆ ಹೋದರೂ ನಿಷಿದ್ಧ, ನಿಮ್ಮ ಕೆಳಗಿನವರು ಎಷ್ಟು ಕೆಳಕ್ಕೆ ಬಂದರೂ ನಿಷಿದ್ಧ. ನಿಮ್ಮ ತಂದೆತಾಯಿಯ ಸಂತಾನವೂ ಪೂರ್ತಿ ನಿಷಿದ್ಧ, ಅಕ್ಕನ ಮೊಮ್ಮಗಳವರೆಗೆ, ಮರಿಮಗಳವರೆಗೆ. ಆದರೆ ಅಜ್ಜ ಅಜ್ಜಿಯರ ಹಾಗೂ ಅವರ ಮೇಲಿನವರ ಸಂತಾನದಲ್ಲಿ ಮೊದಲ ಮೆಟ್ಟಿಲು ಮಾತ್ರ ನಿಷಿದ್ಧ. ಕಾಕಾ, ಫುಪ್ಪು, ಮಾಮಾ, ಖಾಲಾ ಆ ಮೊದಲ ಮೆಟ್ಟಿಲಿನವರು. ಅವರ ಮಕ್ಕಳು ಎರಡನೆಯ ಮೆಟ್ಟಿಲು, ಅಲ್ಲಿಂದ ದಾರಿ ತೆರೆಯುತ್ತದೆ.

ಇದೇ ಸೂತ್ರದಲ್ಲಿ ಜನ ತಪ್ಪುವ ಎರಡು ಜಾಗ ಇವೆ. ಒಂದು, ಮಲ ಅಕ್ಕತಂಗಿಯರ ಸಂಬಂಧ. ತಂದೆ ಒಬ್ಬನೇ ತಾಯಿ ಬೇರೆ, ಅಥವಾ ತಾಯಿ ಒಬ್ಬಳೇ ತಂದೆ ಬೇರೆ ಎಂದಾದರೂ ಆಕೆ ಸಹೋದರಿಯೇ, ಆಕೆಯ ಮಗಳು ಸೋದರ ಸೊಸೆಯೇ. ಇನ್ನೊಂದು, ಅಜ್ಜಿಯ ತಂಗಿ ಅಥವಾ ಅಜ್ಜನ ತಂಗಿ. ಹಿಂದಿನ ಕಾಲದ ದೊಡ್ಡ ಕುಟುಂಬಗಳಲ್ಲಿ ಆಕೆ ವಯಸ್ಸಿನಲ್ಲಿ ಮೊಮ್ಮಗನಿಗಿಂತ ಚಿಕ್ಕವಳಿರುವುದೂ ಉಂಟು, ಆದರೂ ನಿಷಿದ್ಧಳೇ. ಅದೇ ಆಕೆಯ ಮಗಳಾದರೆ ಆಗಬಹುದು. ಆಗಬಹುದು ಎಂದರೆ ಆಗಲೇಬೇಕು ಎಂದಲ್ಲ. ಹತ್ತಿರದ ರಕ್ತದಲ್ಲಿ ಲಗ್ನವಾದರೆ ವಂಶದ ರೋಗ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಥಲಸ್ಸೇಮಿಯಾದಂಥ ರೋಗ ಕಂಡಿದ್ದರೆ ನಿಶ್ಚಿತಾರ್ಥಕ್ಕೆ ಮೊದಲೇ ರಕ್ತ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಶರೀಅತ್ ಅಡ್ಡಿ ಬರುವುದಿಲ್ಲ.

ರಕ್ತದ ವಿಷಯದಲ್ಲಿ ಮನೆಯ ಹಿರಿಯರು ಸಾಮಾನ್ಯವಾಗಿ ತಪ್ಪುವುದಿಲ್ಲ. ತಪ್ಪುವುದು ಹಾಲಿನಲ್ಲಿ. ಎದೆಹಾಲು ಕುಡಿಸಿದವಳು ತಾಯಿಯಾಗುತ್ತಾಳೆ, ಅವಳ ಗಂಡ ತಂದೆಯಾಗುತ್ತಾನೆ, ಹಾಲು ಕುಡಿದ ಮಗುವಿಗಿಂತ ಮೊದಲು ಹುಟ್ಟಿದವರೂ ನಂತರ ಹುಟ್ಟಿದವರೂ ಸೇರಿ ಅವಳ ಎಲ್ಲ ಮಕ್ಕಳು ಒಡಹುಟ್ಟಿದವರಾಗುತ್ತಾರೆ. ರಕ್ತದಿಂದ ಯಾರು ನಿಷಿದ್ಧವೋ ಹಾಲಿನಿಂದಲೂ ಅವರು ನಿಷಿದ್ಧ ಎಂಬುದು ಹದೀಸ್, ಅಂದರೆ ಪ್ರವಾದಿಯವರ ಮಾತು. ಒಂದೇ ವಠಾರದಲ್ಲಿ ಇಬ್ಬರು ಓರಗಿತ್ತಿಯರು ಬಾಣಂತಿಯರಾಗಿರುತ್ತಾರೆ, ಒಬ್ಬಳಿಗೆ ಜ್ವರ ಬರುತ್ತದೆ, ಇನ್ನೊಬ್ಬಳು ಎರಡು ದಿನ ಆ ಮಗುವಿಗೂ ಹಾಲು ಕೊಡುತ್ತಾಳೆ. ಇಪ್ಪತ್ತೆರಡು ವರ್ಷದ ಮೇಲೆ ಅದೇ ಮಕ್ಕಳ ಮಂಗ್ನಿ (ನಿಶ್ಚಿತಾರ್ಥ) ಗೊತ್ತಾಗುತ್ತದೆ. ಕಾಕಾನ ಮಗಳು ತಾನೇ ಎಂದು ಎಲ್ಲರಿಗೂ ನಿರಾಳ. ಆದರೆ ಆಕೆ ಈಗ ಹಾಲಿನ ತಂಗಿ.

ಎಷ್ಟು ಹಾಲು? ನಮ್ಮ ಭಾಗದಲ್ಲಿ ಹೆಚ್ಚಿನವರು ಹನಫಿಗಳು, ಅಂದರೆ ಸುನ್ನಿಗಳ ನಾಲ್ಕು ಫಿಕ್ಹ್ ಪಂಥಗಳಲ್ಲಿ ಇಮಾಮ್ ಅಬೂ ಹನೀಫಾ ಅವರ ಪಂಥದವರು. ಹನಫಿ ಮತದಲ್ಲಿ ಒಂದು ಗುಟುಕು ಹೊಟ್ಟೆಗೆ ಇಳಿದರೂ ಸಾಕು. ಶಾಫಿ, ಹಂಬಲಿ ಮತಗಳಲ್ಲಿ ಐದು ಬಾರಿ ಬೇರೆ ಬೇರೆಯಾಗಿ ಕುಡಿದಿರಬೇಕು. ವಯಸ್ಸು ಎರಡು ವರ್ಷದ ಒಳಗೆ. ಇಮಾಮ್ ಅಬೂ ಹನೀಫಾ ಅವರು ಎರಡೂವರೆ ವರ್ಷ ಎಂದರು, ಅವರ ಇಬ್ಬರು ಶಿಷ್ಯರು ಎರಡೇ ಎಂದರು. ಹಸುವಿನ ಹಾಲು, ಡಬ್ಬಿ ಹಾಲಿನಿಂದ ಯಾವ ಸಂಬಂಧವೂ ಹುಟ್ಟುವುದಿಲ್ಲ. ಬಟ್ಟಲಿಗೆ ಹಿಂಡಿ ಚಮಚದಲ್ಲಿ ಕುಡಿಸಿದರೂ ಎದೆಹಾಲು ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಉಲ್ಟಾ ತಪ್ಪೂ ನಡೆಯುತ್ತದೆ. ಹಾಲು ಕುಡಿದ ಹುಡುಗನ ಸ್ವಂತ ತಮ್ಮನಿಗೂ ಆ ಮನೆಯ ಹುಡುಗಿ ನಿಷಿದ್ಧ ಎಂದು ಒಳ್ಳೆಯ ಸಂಬಂಧಗಳನ್ನು ಸುಮ್ಮನೆ ಮುರಿಯುತ್ತಾರೆ. ಕುಡಿದವನು ಮತ್ತು ಅವನ ಸಂತಾನ ಮಾತ್ರ ಆ ಮನೆಗೆ ಸೇರುತ್ತಾರೆ. ಕುಡಿಯದ ತಮ್ಮನಿಗೆ ಆ ಹುಡುಗಿ ಪರಕೀಯಳೇ, ನಿಕಾಹ್ ಆಗಬಹುದು.

ಸಾಕ್ಷಿ? ಹನಫಿ ಖಾಜಿ ತೀರ್ಪು ಕೊಡಲು ಇಬ್ಬರು ಗಂಡಸರು ಅಥವಾ ಒಬ್ಬ ಗಂಡಸು ಇಬ್ಬರು ಹೆಂಗಸರು ಬೇಕು. ಆದರೆ ಮದುವೆಗೆ ಮೊದಲು ಒಬ್ಬ ನಂಬಿಗಸ್ತ ಅಜ್ಜಿ "ನಾ ಕುಡಿಸೀನಿ" ಎಂದರೆ ಅಲ್ಲಿಗೇ ನಿಲ್ಲಿಸುವುದು ಮೇಲು. ಒಬ್ಬ ಹೆಂಗಸಿನ ಮಾತಿನ ಮೇಲೆ ಪ್ರವಾದಿಯವರು ಉಕ್ಬಾ ಬಿನ್ ಹಾರಿಸ್ ಅವರಿಗೆ ಹೆಂಡತಿಯನ್ನು ಬಿಡುವಂತೆ ಹೇಳಿದ ಹದೀಸ್ ಬುಖಾರಿ ಸಂಗ್ರಹದಲ್ಲಿದೆ. ಕಾರ್ಡು ಹಂಚಿದ ಮೇಲೆ ಅಜ್ಜಿಯ ಬಾಯಿ ಮುಚ್ಚಿಸುವವರೂ ಇದ್ದಾರೆ, ಅದು ಮುಂದೆ ಮಕ್ಕಳ ತಲೆಗೆ ಬರುತ್ತದೆ.

ದತ್ತು ಮಾತ್ರ ಯಾರನ್ನೂ ನಿಷಿದ್ಧ ಮಾಡುವುದಿಲ್ಲ. ಹೀಗಾಗಿ ತಿಳಿದ ಮನೆಗಳಲ್ಲಿ ಸಾಕಲು ತಂದ ಗಂಡು ಕೂಸಿಗೆ ಎರಡು ವರ್ಷದ ಒಳಗೆ ಸಾಕುತಾಯಿಯ ತಂಗಿಯಿಂದ ಹಾಲು ಕುಡಿಸುತ್ತಾರೆ. ಆಗ ಸಾಕುತಾಯಿ ಹಾಲಿನ ಖಾಲಾ ಆಗುತ್ತಾಳೆ, ಬೆಳೆದ ಮಗನ ಮುಂದೆ ಪರ್ದಾ ಬೇಕಾಗುವುದಿಲ್ಲ.

ಮದುವೆಯಿಂದ ಹುಟ್ಟುವ ನಿಷೇಧದ ಪಟ್ಟಿ ಚಿಕ್ಕದು. ಅತ್ತೆ, ಅಂದರೆ ಹೆಂಡತಿಯ ತಾಯಿ, ನಿಕಾಹ್ ಓದಿದ ಕ್ಷಣದಿಂದ ಶಾಶ್ವತವಾಗಿ ನಿಷಿದ್ಧ. ಹೆಂಡತಿಯ ಮೊದಲ ಗಂಡನ ಮಗಳು ನಿಷಿದ್ಧಳಾಗುವುದು ದಾಂಪತ್ಯ ನಡೆದ ಮೇಲೆ. ತಂದೆಯ ಹೆಂಡತಿ, ಸ್ವಂತ ಮಗನ ಹೆಂಡತಿ ಯಾವತ್ತಿಗೂ ಇಲ್ಲ. ಕಾಕಿ, ಮಾಮಿ, ಭಾಬಿ (ಅಣ್ಣನ ಹೆಂಡತಿ) ಈ ಪಟ್ಟಿಯಲ್ಲಿಲ್ಲ. ಅವರು ವಿಧವೆಯಾಗಿ ಇದ್ದತ್ (ಮರುಮದುವೆಗೆ ಮೊದಲು ಕಾಯುವ ಅವಧಿ) ಮುಗಿದರೆ ನಿಕಾಹ್ ಆಗಬಹುದು. ಮಲತಾಯಿ ತನ್ನೊಂದಿಗೆ ಕರೆತಂದ ಮಗಳೂ ಆಗಬಹುದು, ಕೇಳಿದವರಿಗೆ ವಿಚಿತ್ರ ಎನಿಸಿದರೂ.

ಇನ್ನುಳಿದದ್ದು ತಾತ್ಕಾಲಿಕ ನಿಷೇಧ. ಅದರಲ್ಲಿ ಅಕ್ಕತಂಗಿಯರ ಪ್ರಶ್ನೆಯೇ ದೊಡ್ಡದು. ಇಬ್ಬರು ಸಹೋದರಿಯರನ್ನು ಒಟ್ಟಿಗೆ ಹೆಂಡತಿಯರಾಗಿ ಇಟ್ಟುಕೊಳ್ಳುವಂತಿಲ್ಲ. ಹದೀಸಿನ ಪ್ರಕಾರ ಹೆಂಡತಿ ಮತ್ತು ಆಕೆಯ ಖಾಲಾ ಅಥವಾ ಫುಪ್ಪುವನ್ನೂ ಹಾಗೆ ಕೂಡಿಸುವಂತಿಲ್ಲ. ಹೆಂಡತಿ ತೀರಿಕೊಂಡರೆ ನಾದಿನಿಯ ಜೊತೆ ನಿಕಾಹ್‌ಗೆ ಅಡ್ಡಿಯಿಲ್ಲ, ಗಂಡಸಿಗೆ ಇದ್ದತ್ ಇಲ್ಲ. ತಲಾಖ್ ಕೊಟ್ಟಿದ್ದರೆ ಹನಫಿ ಮತದಲ್ಲಿ ಆಕೆಯ ಇದ್ದತ್ ಮುಗಿಯುವ ತನಕ ಕಾಯಬೇಕು: ಮೂರು ಮುಟ್ಟು, ಮುಟ್ಟು ಇಲ್ಲದವಳಿಗೆ ಮೂರು ತಿಂಗಳು, ಬಸುರಿಗೆ ಹೆರಿಗೆಯ ತನಕ.

ಹೀಗೆ ಕಾಯದೇ ಹೆಂಡತಿಯ ತಂಗಿಯನ್ನು ಕಟ್ಟಿಕೊಂಡರೆ? ಹನಫಿ ಫಿಕ್ಹ್ ಇದನ್ನು ಬಾತಿಲ್ (ಮದುವೆಯೇ ಅಲ್ಲ) ಎನ್ನದೆ ಫಾಸಿದ್ (ದೋಷವುಳ್ಳ ಮದುವೆ) ಎನ್ನುತ್ತದೆ. ಗಂಡ ಮತ್ತು ಆ ತಂಗಿ ಬೇರೆಯಾಗಬೇಕು, ಆದರೆ ಕೂಡಿ ಬಾಳಿದ್ದರೆ ಮೆಹರ್ (ವಧುವಿಗೆ ಸಲ್ಲಬೇಕಾದ ಧನ), ಇದ್ದತ್, ಮಗುವಿನ ವಂಶ ಎಲ್ಲಾ ನಿಲ್ಲುತ್ತದೆ. ಅಕ್ಕನ ನಿಕಾಹ್ ಮುರಿಯುವುದಿಲ್ಲ. ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ ಮೊಕದ್ದಮೆ ಹುಟ್ಟಿದ್ದು ನಮ್ಮ ಚಿಂಚೋಳಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಆ ಮದುವೆಯೇ ಸಲ್ಲದು, ಜೀವನಾಂಶ ಕೊಡಬೇಕಿಲ್ಲ ಎಂದು ಗಂಡ ವಾದಿಸಿದ. ಸಕ್ಷಮ ನ್ಯಾಯಾಲಯ ಆ ಮದುವೆಯನ್ನು ರದ್ದು ಮಾಡುವ ತನಕ ಹೆಂಡತಿಗೂ ಮಗುವಿಗೂ ಜೀವನಾಂಶ ಸಲ್ಲುತ್ತದೆ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತಾಯಿ, ಸಹೋದರಿ, ಹಾಲಿನ ತಂಗಿಯ ಜೊತೆಗಿನ ನಿಕಾಹ್‌ಗೆ ಈ ರಿಯಾಯಿತಿ ಇಲ್ಲ, ಅದು ಮೊದಲಿನಿಂದಲೇ ಬಾತಿಲ್.

ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ, ಬಸುರಿಯಾದರೆ ಹೆರಿಗೆಯ ತನಕ. ತಿಂಗಳುಗಳನ್ನು ಚಂದ್ರಮಾನದಲ್ಲಿ ಎಣಿಸಬೇಕು. ಮರುಮದುವೆಯ ಗಡಿಬಿಡಿಯಲ್ಲಿ ಗೋಡೆಯ ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಎಣಿಸುವವರಿಗೆ ಕೆಲವು ದಿನದ ವ್ಯತ್ಯಾಸ ಬರುತ್ತದೆ. ಧರ್ಮದ ಪ್ರಶ್ನೆ ಬೀದರ ಕಡೆ, ಕ್ರೈಸ್ತ ಕುಟುಂಬಗಳಿರುವಲ್ಲಿ, ಆಗಾಗ ಬರುತ್ತದೆ. ಮುಸ್ಲಿಂ ಗಂಡಸು ಯಹೂದಿ ಅಥವಾ ಕ್ರೈಸ್ತ ಹೆಣ್ಣನ್ನು ಆಗಬಹುದು, ಐದನೇ ಅಧ್ಯಾಯದ 5ನೇ ಆಯತ್ ಅದಕ್ಕೆ ಆಧಾರ. ಮುಸ್ಲಿಂ ಹೆಣ್ಣಿಗೆ ಗಂಡ ಮುಸ್ಲಿಮನೇ ಆಗಿರಬೇಕು.

ಕೊನೆಗೆ ಕಚೇರಿಯ ಒಂದು ತೊಡಕು. 1954ರ ವಿಶೇಷ ವಿವಾಹ ಕಾಯ್ದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಕಾಕಾ, ಮಾಮಾ, ಫುಪ್ಪು, ಖಾಲಾ ನಾಲ್ವರ ಮಕ್ಕಳೂ ಇದ್ದಾರೆ. ರೂಢಿಗೆ ವಿನಾಯಿತಿ ಇದೆ, ಆದರೆ ಆ ರೂಢಿಯನ್ನು ರಾಜ್ಯ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿರಬೇಕು. ಶರೀಅತ್ ಪ್ರಕಾರ ಸರಿಯಾದ ನಿಕಾಹ್ ಮಾಡಿಕೊಂಡ ಕಾಕಾನ ಮಕ್ಕಳು ವೀಸಾಗೆಂದು ಈ ಕಾಯ್ದೆಯಡಿ ಅರ್ಜಿ ಹಾಕಿದರೆ ಅಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಂಥವರು ನಿಕಾಹ್‌ನಾಮಾ ಹಿಡಿದು 1976ರ ಕರ್ನಾಟಕ ವಿವಾಹ ನೋಂದಣಿ ಕಾಯ್ದೆಯಡಿ ಅರ್ಜಿ ಕೊಡಬೇಕು.