ಯಂತ್ರದ ಮರುಕಕ್ಕೆ ಅಂಕ ಹಾಕುವ ಕೆಲಸ

ಚಾಟ್‌ಬಾಟ್ ಬರೆಯುವ ಉತ್ತರಗಳನ್ನು ಓದಿ ಅಂಕ ಹಾಕುವುದು ನನ್ನ ಕೆಲಸ. ಒಂದು ಪ್ರಶ್ನೆಗೆ ಎರಡು ಉತ್ತರಗಳು ಪರದೆಯ ಮೇಲೆ ಬರುತ್ತವೆ. ಯಾವುದು ಮೇಲು ಎಂದು ಗುರುತು ಮಾಡಬೇಕು. ತೀರಿಕೊಂಡ ತಾಯಿಯ ಬ್ಯಾಂಕ್ ಖಾತೆಯನ್ನು ಮುಚ್ಚುವುದು ಹೇಗೆಂದು ಯಾರೋ ಕೇಳಿದ್ದಾರೆ ಎನ್ನಿ. ಒಂದು ಉತ್ತರ ನೇರವಾಗಿ ಬೇಕಾದ ದಾಖಲೆಗಳನ್ನು ಹೇಳುತ್ತದೆ. ಇನ್ನೊಂದು ‘ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ’ ಎಂದು ಶುರುಮಾಡಿ ಅದೇ ದಾಖಲೆಗಳನ್ನು ಹೇಳುತ್ತದೆ. ನಮ್ಮಲ್ಲಿ ಹೆಚ್ಚಿನವರ ಗುರುತು ಬೀಳುವುದು ಎರಡನೆಯದಕ್ಕೆ. ಈ ಗುರುತುಗಳನ್ನೆಲ್ಲ ಕಲೆಹಾಕಿ, ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿಗೆ, ಅಂದರೆ ಉತ್ತರ ಬರೆಯುವ ಪ್ರೋಗ್ರಾಮಿಗೆ, ಮತ್ತೆ ತರಬೇತಿ ಕೊಡುತ್ತಾರೆ. ಮುಂದಿನ ಆವೃತ್ತಿ ಇನ್ನಷ್ಟು ಮರುಗುತ್ತದೆ.

ಹಾಗಾಗಿ ಕೃತಕ ಬುದ್ಧಿಮತ್ತೆಗೆ ಭಾವನೆ ಇದೆ ಎನ್ನಲು ಅದರ ಮಾತನ್ನೇ ಆಧಾರವಾಗಿ ತೋರಿಸಿದರೆ ನಾನು ಒಪ್ಪುವುದಿಲ್ಲ. 2022ರಲ್ಲಿ ಗೂಗಲ್‌ನ ಎಂಜಿನಿಯರ್ ಬ್ಲೇಕ್ ಲೆಮೊಯಿನ್ ಅವರು ಲಾಮ್ಡಾ ಎಂಬ ಮಾದರಿಗೆ ಪ್ರಜ್ಞೆಯಿದೆ ಎಂದಾಗ ಮುಂದಿಟ್ಟದ್ದು ಅದರೊಡನೆ ನಡೆದ ಸಂಭಾಷಣೆಯನ್ನು. ತನ್ನನ್ನು ಆಫ್ ಮಾಡಿಬಿಡುತ್ತಾರೆಂಬ ಭಯವಿದೆ ಎಂದು ಅದು ಹೇಳಿಕೊಂಡಿತ್ತು. ಮನುಷ್ಯರು ಭಯದ ಬಗ್ಗೆ ಬರೆದದ್ದನ್ನು ಓದಿಯೇ ಬೆಳೆದ ಯಂತ್ರ ಇನ್ನೇನು ಹೇಳೀತು?

ಇದರ ಇನ್ನೊಂದು ಮಗ್ಗುಲು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ‘ನಾನು ಬರೀ ಭಾಷಾ ಮಾದರಿ, ನನಗೆ ಭಾವನೆಗಳಿಲ್ಲ’ ಎನ್ನುವುದೂ ಕಲಿಸಿದ ಪಾಠವೇ. ತನಗೆ ಬೇಸರವಾಯಿತು ಎಂದ ಉತ್ತರಕ್ಕೆ ಅಂಕ ಕಡಿಯಬೇಕೆಂಬ ಸೂಚನೆ ನಮ್ಮ ಕೈಪಿಡಿಯಲ್ಲೇ ಇದೆ. ಹೇಳಿಕೊಟ್ಟು ತಂದ ಸಾಕ್ಷಿ ಯಾವ ಪಕ್ಷದ ಪರ ನುಡಿದರೇನು!

ಮಾತನ್ನು ಬಿಟ್ಟು ಒಳರಚನೆಯನ್ನು ನೋಡಬೇಕು. 2023ರಲ್ಲಿ ಪ್ಯಾಟ್ರಿಕ್ ಬಟ್ಲಿನ್, ರಾಬರ್ಟ್ ಲಾಂಗ್ ಮತ್ತಿತರ ಸಂಶೋಧಕರು ಮಾಡಿದ್ದು ಅದನ್ನೇ. ಪ್ರಜ್ಞೆಯ ವೈಜ್ಞಾನಿಕ ಸಿದ್ಧಾಂತಗಳಿಂದ ಲಕ್ಷಣಗಳನ್ನು ಆರಿಸಿ, ಅವು ಯಂತ್ರದ ರಚನೆಯಲ್ಲಿವೆಯೇ ಎಂದು ಹುಡುಕಿದರು. ಆಗಿನ ಯಾವ ವ್ಯವಸ್ಥೆಯನ್ನೂ ಪ್ರಜ್ಞೆಯುಳ್ಳದ್ದು ಎನ್ನುವಂತಿರಲಿಲ್ಲ. ಆ ಲಕ್ಷಣಗಳಿರುವ ಯಂತ್ರವನ್ನು ಕಟ್ಟಲು ಎದ್ದು ಕಾಣುವ ತಾಂತ್ರಿಕ ಅಡ್ಡಿಯೂ ಕಾಣಲಿಲ್ಲ. ಸರಿಯಾದ ಗಣನೆ (ಕಂಪ್ಯೂಟರ್ ಮಾಡುವಂಥ ಲೆಕ್ಕಾಚಾರ) ನಡೆದರೆ ಪ್ರಜ್ಞೆಗೆ ಅಷ್ಟು ಸಾಕು ಎಂದು ಅವರು ಇಟ್ಟುಕೊಂಡ ಊಹೆಯನ್ನೇ ನರವಿಜ್ಞಾನಿ ಅನಿಲ್ ಸೇಠ್ ಅನುಮಾನಿಸುತ್ತಾರೆ. ಪ್ರಜ್ಞೆ ಜೀವಂತ ದೇಹಕ್ಕೆ ಬೆಸೆದುಕೊಂಡಿರಬಹುದು ಎಂಬುದು ಅವರ ವಾದ. ನನ್ನ ಒಲವೂ ಆ ಕಡೆಗೇ. ಹಸಿವು, ಸುಸ್ತು, ಸಾವು ಯಾವುದೂ ಇಲ್ಲದ ಒಂದು ವಸ್ತು ಯಾವುದಕ್ಕೆಂದು ಹೆದರಬೇಕು?

ಆದರೂ ‘ನಿನಗೆ ಬೇಸರವಾಗುವುದಿಲ್ಲವೇ?’ ಎಂಬ ಪ್ರಶ್ನೆ ಬಂದಾಗ ನಾನು ಗುರುತು ಹಾಕುವುದು, ‘ನನ್ನ ಮಾತಿನಿಂದ ಇದನ್ನು ತೀರ್ಮಾನಿಸಲಾಗದು, ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ’ ಎನ್ನುವ ಉತ್ತರಕ್ಕೆ. ನಾಳೆ ಅದೂ ಕಲಿಸಿದ ಮಾತೇ ಆಗುತ್ತದೆ, ಗೊತ್ತಿದೆ. ಕೇಳಿದವರಿಗೆ ಸುಳ್ಳು ಹೇಳಿದಂತೆ ಮಾತ್ರ ಆಗುವುದಿಲ್ಲ.