ಒಂದು ಗೇಣಿನ ಲೆಕ್ಕ

ಈಗಷ್ಟೇ ಫೋನನ್ನು ಮೇಜಿನ ಮೇಲೆ ಒಂದು ಗೇಣು ಆಚೆ ಸರಿಸಿದೆ, ಮಾತು ಕಟ್ ಆಯ್ತು.

ಟವರ್ ಇದ್ದಲ್ಲೇ ಇದೆ. ಗೋಡೆ, ಬೀರು, ಎದುರುಮನೆಯ ಶೀಟು, ಎಲ್ಲಕ್ಕೂ ಬಡಿದು ಬರುವ ಅಲೆಗಳು ಒಂದು ಕಡೆ ಕೂಡಿಕೊಳ್ಳುತ್ತವೆ, ಪಕ್ಕದಲ್ಲೇ ಒಂದನ್ನೊಂದು ಅಳಿಸಿಹಾಕುತ್ತವೆ. 900 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ 33 ಸೆಂ.ಮೀ. ಅದರರ್ಧ ಸರಿಸಿದರೂ ಸಾಕು.

ಟವರ್ ನೇರವಾಗಿ ಕಾಣದ ಕಡೆ ಈ ಏರಿಳಿತಕ್ಕೆ ರೇಲಿ ಹಂಚಿಕೆ, ಅಂದರೆ ಸಿಗ್ನಲ್ ಎಷ್ಟು ಸಲ ಎಷ್ಟಿರುತ್ತೆ ಅಂತ ಹೇಳುವ ಒಂದು ಗಣಿತ ಸೂತ್ರ, ಚೆನ್ನಾಗಿ ಹೊಂದುತ್ತೆ. ಸಿಗ್ನಲ್ ಶಕ್ತಿ ಸರಾಸರಿಯ ನೂರರಲ್ಲೊಂದು ಭಾಗಕ್ಕಿಂತ ಕೆಳಗಿಳಿಯುವ ಸಾಧ್ಯತೆ ಸುಮಾರು 1%. ಎರಡು ಆಂಟೆನಾ ಇದ್ದು, ಎರಡೂ ಒಟ್ಟಿಗೇ ಕುಸಿಯುವುದು 1%ರಲ್ಲಿ 1%, ಅಂದರೆ 0.01%. ಆದರೆ ಒಂದರ ಏರಿಳಿತಕ್ಕೂ ಇನ್ನೊಂದರದಕ್ಕೂ ಸಂಬಂಧ ಇರಬಾರದು. ತೀರಾ ಹತ್ತಿರ ಕೂರಿಸಿದರೆ ಜೊತೆಗೇ ಮುಳುಗುತ್ತವೆ, ಗುಣಾಕಾರ ಸುಳ್ಳಾಗುತ್ತೆ.

ಹುಟ್ಟುವಾಗಲೇ ಇರುವ ಸೀಳುತುಟಿಯಲ್ಲೂ ಹೀಗೇ, ಒಂದಕ್ಕೊಂದು ಸಂಬಂಧ ಇದ್ದರೆ ಬರೀ ಗುಣಿಸುವಂತಿಲ್ಲ. ಸುಮಾರು ಸಾವಿರಕ್ಕೊಂದು ಮಗುವಿಗೆ ಬರುವಂಥದ್ದು. ಒಂದು ಮಗುವಿಗಿದ್ದರೆ ಮುಂದಿನದಕ್ಕೆ ಸುಮಾರು 4%. ಒಡಹುಟ್ಟಿದವರ ಜೀನ್‌ಗಳು ಪೂರ್ತಿ ಬೇರೆಬೇರೆ ಅಲ್ಲವಲ್ಲ.

ಒಡಹುಟ್ಟಿದವರಲ್ಲಿ ಎಷ್ಟು ಜನಕ್ಕೆ ಬರುತ್ತೆ ಅನ್ನುವ ಈ ಎಣಿಕೆಯಲ್ಲೇ ಜನ ಎಡವುತ್ತಾರೆ. ಆಸ್ಪತ್ರೆಗೆ ಬಂದ ಮಗುವಿನಿಂದಲೇ ಆ ಮನೆ ನಮ್ಮ ಪಟ್ಟಿಗೆ ಸೇರಿದ್ದು. ಅದೊಂದಕ್ಕೇ ಸೀಳುತುಟಿ ಇದ್ದು, ಅದನ್ನೂ ಎಣಿಸಿದರೆ ಮೂವರು ಮಕ್ಕಳ ಮನೆ 33% ತೋರಿಸುತ್ತೆ. ಬಿಟ್ಟು ಎಣಿಸಿದರೆ ಉಳಿದಿಬ್ಬರಲ್ಲಿ ಸೊನ್ನೆ. ಎಣಿಸಬೇಕಾದ್ದು ಆ ಉಳಿದಿಬ್ಬರನ್ನೇ.

ತಾಯಿಗೆ 4% ಅನ್ನುವ ಮೊದಲು, ನೂರರಲ್ಲಿ 96 ಸಲ ಬರಲ್ಲ ಅನ್ನಿ. ಗ್ರಹಣದ ದಿನ ಹೊರಗೆ ಬಂದೆ ಅಂತ ಆಕೆಯನ್ನು ಹಂಗಿಸುವವರು ಇನ್ನೂ ಇದ್ದಾರೆ. ಅವರನ್ನೂ ಕೂರಿಸಿ ಈ ಲೆಕ್ಕ ಹೇಳಿ.